ಒಂದೇ ತೆಂಗು, ಎರಡು ದುಂಬಿ: ಕುರುವಾಯಿ ಮತ್ತು ಕೆಂಪು ಮೂತಿ

ತೆಂಗಿನ ಸುಳಿ ಬಾಡಿದ್ದು ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು "ದುಂಬಿ ಬಿದ್ದಿರಬೇಕು" ಅಂತ. ಯಾವ ದುಂಬಿ ಅಂತ ಕೇಳುವವರು ಕಡಿಮೆ. ಮರಕ್ಕೆ ಏನೋ ಔಷಧಿ ಹೊಡೆಸುತ್ತಾರೆ, ಸುಳಿಗೆ ಏನೋ ಸುರಿಸುತ್ತಾರೆ. ಕೆಲವು ಮರ ಉಳಿಯುತ್ತವೆ, ಕೆಲವು ಹೋಗುತ್ತವೆ. ಉಳಿದದ್ದು ಯಾಕೆ, ಹೋದದ್ದು ಯಾಕೆ ಅಂತ ಗೊತ್ತೇ ಆಗುವುದಿಲ್ಲ.

ತೆಂಗನ್ನು ಕಾಡುವ ದೊಡ್ಡ ದುಂಬಿಗಳು ಎರಡು. ಒಂದು ಕರಿ ಮೈಯದು, ತಲೆಯ ಮೇಲೆ ಕೊಂಬಿರುವಂಥದ್ದು. ಕರಾವಳಿಯಲ್ಲಿ ಇದನ್ನು ಕುರುವಾಯಿ ಅನ್ನುತ್ತಾರೆ. ಕೃಷಿ ಇಲಾಖೆಯವರ ಬಾಯಲ್ಲಿ ಇದು ರೈನೋಸರಸ್ ದುಂಬಿ. ವಿಜ್ಞಾನದ ಹೆಸರು ಒರಿಕ್ಟಿಸ್ ರೈನೋಸೆರಸ್. ಇನ್ನೊಂದು ಕೆಂಪು ಮೂತಿ ಹುಳು, ಅಂದರೆ ರಿಂಕೋಫೋರಸ್ ಫೆರುಜಿನಿಯಸ್. ಹುಳು ಅಂತ ಕರೆದರೂ ಅದೂ ದುಂಬಿಯೇ. ಸೊಂಡಿಲಿನಂಥ ಮೂತಿ ಇರುವ ದುಂಬಿಗಳ ಗುಂಪಿಗೆ ಸೇರಿದ್ದು. ಅಕ್ಕಿಯಲ್ಲಿ ಬೀಳುವ ಪುಟ್ಟ ಮೂತಿ ಹುಳುವೂ ಇದರ ನೆಂಟನೇ.

ಎರಡೂ ಒಂದೇ ಮರದಲ್ಲಿ ಸಿಗುತ್ತವೆ. ಎರಡೂ ತೂತು ಕೊರೆಯುತ್ತವೆ, ತೂತಿನಿಂದ ನಾರಿನ ಪುಡಿ ಹೊರಗೆ ತಳ್ಳುತ್ತವೆ. ಹಾಗಾಗಿ ಗೊಂದಲ ಆಗುವುದು ಸಹಜ. ಆದರೆ ಬದುಕುವ ರೀತಿ ಮಾತ್ರ ಪೂರ್ತಿ ಉಲ್ಟಾ. ಕುರುವಾಯಿಯ ಮರಿ ಬದುಕಿರುವ ಮರವನ್ನು ತಿನ್ನುವುದಿಲ್ಲ, ಬೆಳೆದ ದುಂಬಿ ತಿನ್ನುತ್ತದೆ. ಕೆಂಪು ಮೂತಿಯಲ್ಲಿ ಬೆಳೆದ ದುಂಬಿಯಿಂದ ಮರಕ್ಕೆ ಹೇಳಿಕೊಳ್ಳುವಂಥ ನಷ್ಟ ಇಲ್ಲ, ಅದರ ಮರಿ ಮರವನ್ನೇ ಕೊಲ್ಲುತ್ತದೆ. ಇದೊಂದು ಮನಸ್ಸಿನಲ್ಲಿದ್ದರೆ ಎಲ್ಲಿ ಹುಡುಕಬೇಕು, ಯಾವಾಗ ಹುಡುಕಬೇಕು, ಏನು ಮಾಡಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಮೊದಲು ಕುರುವಾಯಿ. ಒಂದೂವರೆಯಿಂದ ಎರಡು ಇಂಚು ಉದ್ದ, ಗಟ್ಟಿ ಮೈ, ಮಿರಮಿರ ಹೊಳೆಯುವ ಕಪ್ಪು. ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಗಂಡಿಗೆ ಈ ಕೊಂಬು ಉದ್ದ, ಹೆಣ್ಣಿಗೆ ಗಿಡ್ಡ. ಆದರೆ ಕೊಂಬು ನೋಡಿ ಗಂಡೋ ಹೆಣ್ಣೋ ಹೇಳಲು ಹೋದರೆ ಎಷ್ಟೋ ಸಲ ತಪ್ಪುತ್ತದೆ. ದುಂಬಿಯನ್ನು ತಿರುಗಿಸಿ ಹಿಂಭಾಗ ನೋಡಬೇಕು. ಹೊಟ್ಟೆಯ ತುದಿಯಲ್ಲಿ ಕೆಂಚು ಕೂದಲು ದಟ್ಟವಾಗಿದ್ದರೆ ಹೆಣ್ಣು. ಇದು ರಾತ್ರಿ ಓಡಾಡುವ ಪ್ರಾಣಿ. ಮಳೆಗಾಲದ ಸಂಜೆ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಬಡಿದು ಅಂಗಾತ ಬೀಳುವ ದೊಡ್ಡ ಕರಿ ದುಂಬಿಗಳಲ್ಲಿ ಇದೂ ಒಂದು.

ಇದು ಹುಟ್ಟುವುದು ತೆಂಗಿನ ಮರದಲ್ಲಲ್ಲ, ಗೊಬ್ಬರದ ಗುಂಡಿಯಲ್ಲಿ. ಸೆಗಣಿ ತಿಪ್ಪೆ, ಕಾಂಪೋಸ್ಟ್, ಕೊಳೆತ ತೆಂಗಿನ ದಿಮ್ಮಿ, ಕಡಿದು ಬಿಟ್ಟ ಮರದ ಬೊಡ್ಡೆ, ಮರದ ಹೊಟ್ಟಿನ ರಾಶಿ, ಹೀಗೆ ಕೊಳೆಯುತ್ತಿರುವುದು ಏನಿದ್ದರೂ ಆಗುತ್ತದೆ. ಹೆಣ್ಣು ಅಲ್ಲಿ ಒಟ್ಟು ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮರಿ ಹೊರಗೆ ಬರುತ್ತದೆ. ಅಲ್ಲಿಂದ ಮೂರು ನಾಲ್ಕು ತಿಂಗಳು ಅದಕ್ಕೆ ತಿನ್ನುವುದೊಂದೇ ಕೆಲಸ.

ಬೇಸಿಗೆಯ ಕೊನೆಗೆ, ಗೊಬ್ಬರ ಹೊಲಕ್ಕೆ ಸಾಗಿಸಲು ಗುಂಡಿ ಬಿಚ್ಚಿದಾಗ ಹತ್ತಿರ ಕೂತು ನೋಡಿ. ಸಲಿಕೆಗೆ ಬಿಳಿ ಬಿಳಿ ಗೊಣ್ಣೆ ಹುಳುಗಳು ಸಿಗುತ್ತವೆ. ಬೆಳೆದದ್ದು ಕೈಬೆರಳಿಗಿಂತ ದಪ್ಪ, ಬಿಡಿಸಿ ನೇರ ಮಾಡಿದರೆ ಎರಡೂವರೆ ಮೂರು ಇಂಚು ಉದ್ದ. ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿಕೊಂಡು ಮಲಗಿರುತ್ತದೆ. ತಲೆ ಕಂದು ಬಣ್ಣ. ಎದೆಯ ಹತ್ತಿರ ಮೂರು ಜೊತೆ ಕಾಲು. ಹಿಂಭಾಗದ ತೆಳು ಚರ್ಮದೊಳಗೆ ತಿಂದದ್ದೆಲ್ಲ ಕಪ್ಪಾಗಿ ಕಾಣುತ್ತದೆ. ಆ ಕಾಲುಗಳನ್ನು ಗಮನಿಸಿ, ಮುಂದೆ ಬೇಕಾಗುತ್ತವೆ. ಇಷ್ಟು ದಿನ ಈ ಹುಳು ತಿಂದದ್ದು ಸೆಗಣಿ, ಕಸ, ಕೊಳೆತ ಮರ. ಗುಂಡಿಯೊಳಗೆ ಇರುವಷ್ಟು ಕಾಲ ಅದು ಗೊಬ್ಬರವನ್ನು ಪುಡಿ ಮಾಡುವ ಪ್ರಾಣಿ, ತೆಂಗಿಗೆ ಅದರಿಂದ ಏನೂ ತೊಂದರೆ ಇಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಮಲೆನಾಡು, ಕರಾವಳಿಯ ಅಡಿಕೆ ತೋಟದಲ್ಲಿ ಬೇರು ತಿನ್ನುವ ಬಿಳಿ ಹುಳು ಬೇರೆ, ಇದು ಬೇರೆ. ನೋಡಲು ಒಂದೇ ಥರ. ಆದರೆ ಅದು ಮಣ್ಣೊಳಗೆ ಬದುಕಿರುವ ಬೇರು ಕಚ್ಚುತ್ತದೆ, ಇದು ಗುಂಡಿಯಲ್ಲಿ ಕೊಳೆತದ್ದನ್ನು ತಿನ್ನುತ್ತದೆ. ಅಡಿಕೆ ಬುಡದಲ್ಲಿ ಸಿಕ್ಕಿದ್ದನ್ನೆಲ್ಲ ಕುರುವಾಯಿ ಮರಿ ಅಂದುಕೊಳ್ಳಬೇಡಿ.

ಮರಿ ಕೋಶಕ್ಕೆ ಹೋಗಿ ಮೂರು ನಾಲ್ಕು ವಾರದಲ್ಲಿ ದುಂಬಿಯಾಗುತ್ತದೆ. ಆಮೇಲೆ ಹಾರಿ ತೆಂಗಿನ ತಲೆ ಸೇರುತ್ತದೆ. ಗರಿಯ ಬುಡದ ಸಂದಿಯಿಂದ ಒಳಗೆ ಕೊರೆದು, ಇನ್ನೂ ಬಿಚ್ಚದ ಎಳೆ ಸುಳಿಯವರೆಗೆ ಹೋಗುತ್ತದೆ. ನಾರನ್ನು ಜಗಿದು ರಸ ಹೀರುತ್ತದೆ, ಜಗಿದುಳಿದದ್ದನ್ನು ಹಿಂದಕ್ಕೆ ತಳ್ಳುತ್ತದೆ. ತೂತಿನ ಬಾಯಲ್ಲಿ ಹಿಂಡಿದ ನಾರು ಮೆತ್ತಿಕೊಂಡಿದ್ದರೆ ದುಂಬಿ ಒಳಗೆ ಬಂದಿದೆ ಅಂತಲೇ ಅರ್ಥ. ಕೆಲವು ದಿನ ಅಲ್ಲಿದ್ದು ಮತ್ತೆ ರಾತ್ರಿ ಹಾರಿ ಗುಂಡಿಗೆ ಹೋಗುತ್ತದೆ, ಮೊಟ್ಟೆ ಇಡುತ್ತದೆ, ಬೇರೆ ಮರಕ್ಕೆ ಬರುತ್ತದೆ.

ಅದು ಕೊರೆದಾಗ ಗರಿ ಇನ್ನೂ ಮಡಚಿಕೊಂಡಿತ್ತು. ಮಡಚಿದ ಕಾಗದಕ್ಕೆ ಒಂದೇ ಕಡೆ ಕತ್ತರಿ ಆಡಿಸಿ ಬಿಚ್ಚಿದರೆ ಎರಡೂ ಕಡೆ ಒಂದೇ ಆಕಾರದ ಕಿಂಡಿ ಬರುತ್ತದೆ ಅಲ್ವಾ, ಇಲ್ಲಿಯೂ ಹಾಗೆಯೇ. ಗರಿ ಬಿಚ್ಚಿದ ಮೇಲೆ ದಿಂಡಿನ ಎರಡೂ ಪಕ್ಕದಲ್ಲಿ ಎಲೆ ಅಳತೆ ಮಾಡಿ ಕತ್ತರಿಸಿದ ಹಾಗೆ ಓರೆಯಾಗಿ ತುಂಡಾಗಿರುತ್ತದೆ. ರಸ್ತೆಯಲ್ಲಿ ನಿಂತು ನೋಡಿದರೂ ಗೊತ್ತಾಗುತ್ತದೆ. ಈ ಗುರುತು ಕುರುವಾಯಿಯದ್ದೇ, ಕೆಂಪು ಮೂತಿಯದ್ದಲ್ಲ.

ಈ ಕತ್ತರಿ ಗುರುತು ಕಂಡದ್ದೇ ಗಾಬರಿಯಾಗಿ ಔಷಧಿ ತರಲು ಓಡುವವರಿದ್ದಾರೆ. ಸ್ವಲ್ಪ ನಿಲ್ಲಿ. ಚೆನ್ನಾಗಿರುವ ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಚ್ಚುತ್ತದೆ. ಗುರುತು ಇರುವುದು ಮೇಲಿನಿಂದ ನಾಲ್ಕನೇ ಗರಿಯಲ್ಲಿ ಅಂದರೆ ಕೊರೆತ ಆಗಿ ನಾಲ್ಕು ತಿಂಗಳಾದರೂ ಆಗಿದೆ. ಆ ದುಂಬಿ ಈಗ ಅಲ್ಲಿಲ್ಲ. ಮರದ ತಲೆಯಲ್ಲಿರುವ ಗರಿಗಳನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರೆ ಯಾವ ತಿಂಗಳು ಕಾಟ ಜಾಸ್ತಿ ಇತ್ತು ಅಂತ ಹೇಳಿಬಿಡಬಹುದು. ಸಾಮಾನ್ಯವಾಗಿ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲಕ್ಕೆ ಹೋಗಿ ಮುಟ್ಟುತ್ತದೆ. ಈಗ ದುಂಬಿ ಒಳಗಿದೆಯೇ ಅಂತ ತಿಳಿಯಲು ಗರಿ ನೋಡಿ ಪ್ರಯೋಜನವಿಲ್ಲ, ತೂತಿನ ಬಾಯಲ್ಲಿ ಹಸಿ ನಾರು ಇದೆಯೇ ಅಂತ ನೋಡಬೇಕು.

ದೊಡ್ಡ ಮರವನ್ನು ಕುರುವಾಯಿ ಒಂದೇ ಕೊಲ್ಲುವುದು ಅಪರೂಪ. ಗರಿ ಹಾಳಾಗುತ್ತದೆ, ಬಿಚ್ಚದ ಹೊಂಬಾಳೆಗೆ ತೂತು ಬಿದ್ದರೆ ಆ ಗೊನೆ ಹೋಗುತ್ತದೆ. ಎಳೆ ಸಸಿಯಾದರೆ ಕತೆ ಬೇರೆ. ತೆಂಗಿಗೆ ಬೆಳೆಯುವ ತುದಿ ಇರುವುದು ಒಂದೇ. ದುಂಬಿ ಅಲ್ಲಿಗೆ ತಲುಪಿದರೆ ಸಸಿ ಮುಗಿಯಿತು.

ಈಗ ಕೆಂಪು ಮೂತಿ. ಉದ್ದ ಒಂದೂವರೆ ಇಂಚಿನ ಒಳಗೆ, ಕುರುವಾಯಿಗಿಂತ ಸಪೂರ. ಬಣ್ಣ ಇಟ್ಟಿಗೆ ಕೆಂಪು, ಕುತ್ತಿಗೆಯ ಮೇಲೆ ಕಪ್ಪು ಚುಕ್ಕೆಗಳು. ಮುಂದೆ ಉದ್ದನೆಯ, ಕೆಳಕ್ಕೆ ಬಾಗಿದ ಮೂತಿ. ಗಂಡಿನ ಮೂತಿಯ ಮೇಲೆ ಬ್ರಷ್ಷಿನಂತೆ ಸಣ್ಣ ಕೂದಲಿನ ಸಾಲು ಇರುತ್ತದೆ, ಹೆಣ್ಣಿನದು ನುಣುಪು. ಇದು ಹೆಚ್ಚಾಗಿ ಹಗಲಲ್ಲೇ ಹಾರುತ್ತದೆ. ಗಾಯವಾದ ತೆಂಗಿನಿಂದ ಒಸರುವ ರಸ ಹುಳಿಯಾಗುವಾಗ ಬರುವ ವಾಸನೆ ಇದಕ್ಕೆ ದೂರದಿಂದಲೇ ತಿಳಿಯುತ್ತದೆ.

ಹೆಣ್ಣು ಮೂತಿಯಿಂದ ಮೆತ್ತನೆಯ ಜಾಗದಲ್ಲಿ ಕುಳಿ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೀಗೆ ಒಟ್ಟು ಇನ್ನೂರಕ್ಕೂ ಜಾಸ್ತಿ ಇಡಬಲ್ಲದು. ಮೂರು ನಾಲ್ಕು ದಿನಕ್ಕೆ ಮರಿ ಹೊರಬಂದು ಮರದ ಒಳಕ್ಕೇ ಕೊರೆಯಲು ಶುರುಮಾಡುತ್ತದೆ. ಈ ಮರಿಗೆ ಕಾಲಿಲ್ಲ. ಗುಂಡಿಯ ಹುಳುವಿಗೂ ಕಾಂಡದ ಹುಳುವಿಗೂ ಇರುವ ಕಣ್ಣಿಗೆ ಕಾಣುವ ವ್ಯತ್ಯಾಸ ಇದೇ. ಹಳದಿ ಮಿಶ್ರಿತ ಬಿಳಿ, ನಡು ಉಬ್ಬಿದ ಮೈ, ಗಟ್ಟಿ ತಲೆ, ಬಲವಾದ ದವಡೆ. ತಿನ್ನುವುದರ ನಡುವೆಯೇ ಇರುವುದರಿಂದ ಅದಕ್ಕೆ ನಡೆದು ಹೋಗುವ ಅಗತ್ಯವೇ ಇಲ್ಲ. ಸುಮಾರು ಎರಡು ತಿಂಗಳು ಕಾಂಡದ ಮೃದು ಭಾಗ ತಿಂದು, ತೆಂಗಿನ ನಾರನ್ನೇ ಸುತ್ತಿ ಗಟ್ಟಿ ಗೂಡು ಕಟ್ಟಿ, ಅದರೊಳಗೆ ಕೋಶವಾಗುತ್ತದೆ. ಎರಡು ಮೂರು ವಾರದಲ್ಲಿ ಕೆಂಪು ದುಂಬಿ ಹೊರಗೆ. ಎಷ್ಟೋ ಸಲ ಅದು ಹಾರಿ ಹೋಗುವುದೂ ಇಲ್ಲ, ಅದೇ ಮರದಲ್ಲಿ ಜೋಡಿಯಾಗಿ ಮತ್ತೆ ಮೊಟ್ಟೆ ಇಡುತ್ತದೆ. ಹಾಗಾಗಿ ಸತ್ತ ಮರ ಸೀಳಿದರೆ ಮೊಟ್ಟೆ, ಸಣ್ಣ ಮರಿ, ದೊಡ್ಡ ಮರಿ, ಗೂಡು, ದುಂಬಿ ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಇದರ ಕಷ್ಟ ಏನೆಂದರೆ ಹೊರಗೆ ಏನೂ ಕಾಣುವುದಿಲ್ಲ. ಗರಿಯಲ್ಲಿ ಗುರುತಿಲ್ಲ, ಫಸಲು ತಕ್ಷಣ ಕಡಿಮೆಯಾಗುವುದಿಲ್ಲ. ಕಾಂಡದಲ್ಲಿ ಸಣ್ಣ ತೂತು, ಅದರಿಂದ ಇಳಿದು ಒಣಗಿದ ಕಂದು ಬಣ್ಣದ ಅಂಟು, ತೂತಿನ ಬಾಯಲ್ಲಿ ಅರೆದ ನಾರು, ಇಷ್ಟೇ. ಮೂಗು ಹತ್ತಿರ ಹಿಡಿದರೆ ಹುಳಿ ಬಂದ ವಾಸನೆ. ಕಾಂಡಕ್ಕೆ ಕಿವಿ ಒತ್ತಿ ಉಸಿರು ಹಿಡಿದು ನಿಂತರೆ ಒಳಗೆ ಕರಕರ ಅನ್ನುವುದು ಕೇಳುತ್ತದೆ. ತೋಟ ನಿಶ್ಶಬ್ದವಾಗಿರುವ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ಆ ಸದ್ದನ್ನೇ ಹಿಡಿಯುವ ಸೆನ್ಸರ್‌ಗಳನ್ನು ಈಗ ಮಾಡಿದ್ದಾರೆ, ಆದರೆ ಕಿವಿಗೂ ಅದು ಸಿಗುತ್ತದೆ. ಒಳಗಿನ ಗರಿಗಳು ಹಳದಿಯಾಗಿ ಸುಳಿ ವಾಲುವ ಹೊತ್ತಿಗೆ ಮಾತ್ರ ಮರದ ಒಳಗು ಪೊಳ್ಳಾಗಿರುತ್ತದೆ. ಒಂದು ದಿನ ಗಾಳಿಗೆ ತಲೆ ಕಳಚಿ ಬೀಳುತ್ತದೆ. ಐದರಿಂದ ಇಪ್ಪತ್ತು ವರ್ಷದ ಮರಗಳಿಗೆ ಇದರ ಕಾಟ ಹೆಚ್ಚು, ಕಾಂಡ ಇನ್ನೂ ಮೆತ್ತಗಿರುತ್ತದೆ ಎಂಬುದೇ ಕಾರಣ. ಅಂದರೆ ಸಾಕಿ ಸಲಹಿ ಫಸಲು ಕೈಗೆ ಬರುವ ಹೊತ್ತಿಗೇ ಮರ ಹೋಗುತ್ತದೆ. ಅದನ್ನು ನೋಡಿದವರ ಸಂಕಟ ಏನೆಂದು ತೆಂಗು ಬೆಳೆದವರಿಗೆ ಗೊತ್ತು.

ಇಷ್ಟು ಹೊತ್ತು ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದೆ. ಆದರೆ ತೋಟದಲ್ಲಿ ಅವು ಹಾಗೆ ಬೇರೆ ಬೇರೆ ಇರುವುದಿಲ್ಲ. ಕೆಂಪು ಮೂತಿಗೆ ಗಾಯ ಬೇಕು. ಗಟ್ಟಿಯಾದ ಆರೋಗ್ಯವಂತ ಕಾಂಡದಲ್ಲಿ ಮೊಟ್ಟೆ ಇಡುವುದು ಅದಕ್ಕೆ ಕಷ್ಟ. ಕುರುವಾಯಿ ಕೊರೆದ ತೂತು, ಸುಳಿ ಕೊಳೆ ರೋಗದಿಂದ ಮೆತ್ತಗಾದ ಜಾಗ, ಮರ ಹತ್ತಲು ಕಡಿದ ಮೆಟ್ಟಿಲು, ಹಸಿ ಗರಿ ಕಡಿದಾಗ ಉಳಿದ ಕಚ್ಚು, ಟ್ರ್ಯಾಕ್ಟರ್ ತಾಗಿ ಬಿರಿದ ಬುಡ, ಎಲ್ಲವೂ ಅದಕ್ಕೆ ಒಳಗೆ ಹೋಗಲು ದಾರಿ. ಆಮೇಲೆ ಕೆಂಪು ಮೂತಿ ಕೊಂದ ಮರ ತೋಟದಲ್ಲೇ ಬಿದ್ದು ಕೊಳೆಯುತ್ತದೆ. ಆ ಕೊಳೆತ ದಿಮ್ಮಿಯಲ್ಲಿ ಕುರುವಾಯಿ ಮೊಟ್ಟೆ ಇಡುತ್ತದೆ. ಒಂದರ ಕೆಲಸ ಮುಗಿದಲ್ಲಿ ಇನ್ನೊಂದರದ್ದು ಶುರು. ಒಂದನ್ನು ಮಾತ್ರ ನೋಡಿಕೊಂಡರೆ ಸಾಲದು ಅನ್ನುವುದು ಇದಕ್ಕೇ.

ಇವುಗಳ ಬದುಕು ಬೇರೆ ಎಂಬುದು ಅವು ದೇಶಾಂತರ ಹೋದ ರೀತಿಯಲ್ಲೂ ಕಾಣುತ್ತದೆ. ಕುರುವಾಯಿ ಕಸ, ಮಣ್ಣು, ಗೊಬ್ಬರದ ಜೊತೆ ಹೋಯಿತು. 1909ರಲ್ಲಿ ಸಿಲೋನ್‌ನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ರಬ್ಬರ್ ಸಸಿಗಳ ಜೊತೆ ಶಾಂತಸಾಗರದ ಸಮೋವಾ ತಲುಪಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಪಲಾವ್ ದ್ವೀಪಗಳಿಗೆ ಹೋಯಿತು. ಯುದ್ಧದಲ್ಲಿ ಉರುಳಿದ ತೆಂಗಿನ ದಿಮ್ಮಿಗಳು ಎಲ್ಲೆಲ್ಲೂ ಕೊಳೆಯುತ್ತಿದ್ದವು. ಮೊಟ್ಟೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಹತ್ತು ವರ್ಷದಲ್ಲಿ ಅಲ್ಲಿನ ಅರ್ಧದಷ್ಟು ತೆಂಗು ನಾಶವಾಯಿತು. 2007ರಲ್ಲಿ ಅದೇ ಸಾಗರದ ಗುವಾಮ್ ದ್ವೀಪ, 2013ರಲ್ಲಿ ಹವಾಯಿ.

ಕೆಂಪು ಮೂತಿ ಮಾತ್ರ ಬದುಕಿರುವ ಗಿಡದ ಹೊಟ್ಟೆಯೊಳಗೆ ಕೂತು ಪ್ರಯಾಣ ಮಾಡಿತು. 1980ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ ಹೋಗಿ ಖರ್ಜೂರದ ತೋಟಗಳಿಗೆ ಬಿತ್ತು. ಖರ್ಜೂರದ ಬುಡದಲ್ಲಿ ಬರುವ ಮರಿಗಿಡಗಳನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಆ ಮರಿಗಿಡದೊಳಗೆ ಹುಳು ಇದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಹಾಗೆ ಈಜಿಪ್ಟ್, ಸ್ಪೇನ್, ಇಟಲಿ, ಫ್ರಾನ್ಸ್‌ವರೆಗೂ ಹೋಯಿತು. ಮೆಡಿಟರೇನಿಯನ್ ಊರುಗಳಲ್ಲಿ ಬೀದಿ ಬದಿಗೆ ಅಂದಕ್ಕೆ ನೆಟ್ಟಿದ್ದ ದೊಡ್ಡ ತಾಳೆ ಜಾತಿಯ ಮರಗಳು ಸಾಲು ಸಾಲಾಗಿ ಸತ್ತವು. ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳು ಮಾತ್ರ ಹಟ ಹಿಡಿದು ಮರ ಮರ ತಪಾಸಣೆ ಮಾಡಿ, ಗಿಡ ಸಾಗಾಟ ನಿಲ್ಲಿಸಿ, 2016ರಲ್ಲಿ ಕೀಟ ಪೂರ್ತಿ ಹೋಯಿತು ಅಂತ ಘೋಷಿಸಿದವು. ಸಾಧ್ಯವೇ ಇಲ್ಲ ಅನ್ನುವವರಿಗೆ ಆ ಉದಾಹರಣೆ ತೋರಿಸಬೇಕು.

ಗುವಾಮ್‌ನಲ್ಲಿ ಇನ್ನೊಂದು ವಿಷಯ ಕಂಡಿತು. ಅಲ್ಲಿ ಕುರುವಾಯಿಯ ಮರಿಗಳು ನಿಂತ ಮರದ ತಲೆಯಲ್ಲೇ ಸಿಕ್ಕವು. ಹಾಗಾದರೆ ಮರಿ ಮರ ತಿನ್ನುವುದಿಲ್ಲ ಅಂದದ್ದು ಸುಳ್ಳೇ? ಅಲ್ಲ. ಗರಿಯ ಸಂದಿಗಳಲ್ಲಿ ಕಸ ತುಂಬಿ ಕೊಳೆತಿರುತ್ತದೆ. ಮರಿ ತಿನ್ನುತ್ತಿದ್ದದ್ದು ಅದನ್ನು. ನಮ್ಮ ತೋಟದಲ್ಲೂ ಮರದ ತಲೆ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸುವ ಹಳೆಯ ರೂಢಿ ಇದೆ. ಅದು ಸುಮ್ನೆ ಅಂದಕ್ಕೆ ಮಾಡುವ ಕೆಲಸವಲ್ಲ.

ಕುರುವಾಯಿಗೆ ಒಂದು ದೊಡ್ಡ ಶತ್ರು ಸಿಕ್ಕಿದ್ದೂ ಅದರ ಬದುಕಿನ ರೀತಿಯಿಂದಲೇ. 1963ರಲ್ಲಿ ಜರ್ಮನಿಯ ಕೀಟರೋಗ ತಜ್ಞ ಅಲೋಯಿಸ್ ಹ್ಯೂಗರ್ ಮಲೇಷ್ಯಾದಲ್ಲಿ ಸಾಯುತ್ತಿದ್ದ ಕುರುವಾಯಿ ಮರಿಗಳಲ್ಲಿ ಒಂದು ವೈರಸ್ ಕಂಡುಹಿಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟರು. ವೈರಸ್ ತಗುಲಿದ ದುಂಬಿ ತಕ್ಷಣ ಸಾಯುವುದಿಲ್ಲ. ಹಾರುತ್ತದೆ, ಜೋಡಿಯಾಗುತ್ತದೆ, ಗುಂಡಿಗೆ ಹೋಗಿ ಅಲ್ಲಿ ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯಲ್ಲಿ ವೈರಸ್ ತುಂಬಿರುತ್ತದೆ. ಅಲ್ಲಿರುವ ಮರಿಗಳು ಅದನ್ನೇ ತಿಂದು ಸಾಯುತ್ತವೆ. ಎಲ್ಲ ದುಂಬಿಗಳೂ ಗೊಬ್ಬರದ ಗುಂಡಿಯಲ್ಲಿ ಒಟ್ಟು ಸೇರುವುದರಿಂದಲೇ ರೋಗ ಹಬ್ಬುತ್ತದೆ. ಭಾರತದಲ್ಲೂ 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇದನ್ನು ಬಿಟ್ಟು ಕಾಟ ಕಡಿಮೆ ಮಾಡಿದರು. ಗುವಾಮ್‌ಗೆ ಬಂದ ತಳಿಗೆ ಮಾತ್ರ ಹಳೆಯ ವೈರಸ್ ಅಷ್ಟು ತಾಗುತ್ತಿಲ್ಲ. ಅದಕ್ಕೇ ಅಲ್ಲಿ ಮತ್ತೆ ಚಿಂತೆ ಶುರುವಾಗಿದೆ. ಗುಂಡಿಯ ಮರಿಗಳನ್ನು ಕೊಲ್ಲುವ ಮೆಟಾರೈಜಿಯಂ ಎಂಬ ಹಸಿರು ಬೂಷ್ಟು ಕೂಡ ಇದೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಇದನ್ನು ಗೊಬ್ಬರದ ಗುಂಡಿಗೆ ಬೆರೆಸಲು ಸಲಹೆ ಮಾಡುತ್ತದೆ. ಕೆಂಪು ಮೂತಿಯ ಮರಿಗಳೋ, ಮರದೊಳಗೆ ಮುಚ್ಚಿದ ಸುರಂಗದಲ್ಲಿರುತ್ತವೆ. ಅಲ್ಲಿಗೆ ಬೂಷ್ಟನ್ನಾಗಲಿ ಔಷಧಿಯನ್ನಾಗಲಿ ತಲುಪಿಸುವುದೇ ದೊಡ್ಡ ಕಷ್ಟ.

ತೋಟದ ಕೆಲಸಕ್ಕೆ ಬರೋಣ. ಕುರುವಾಯಿಗೆ ಮೊದಲ ಕೆಲಸ ಗುಂಡಿಯಲ್ಲಿ. ಗೊಬ್ಬರ ತಿರುವಿ ಹಾಕಿ, ಮರಿಗಳನ್ನು ಆರಿಸಿ, ಬಿಚ್ಚಿದ ಗೊಬ್ಬರ ಸ್ವಲ್ಪ ಹೊತ್ತು ಹರಡಿ ಬಿಟ್ಟರೂ ಕಾಗೆ, ಕೋಳಿ, ಗೊರವಂಕಗಳು ಅರ್ಧ ಕೆಲಸ ಮುಗಿಸುತ್ತವೆ. ಮರದಲ್ಲಿ ಹಸಿ ನಾರು ಕಂಡರೆ ಕಬ್ಬಿಣದ ಕೊಕ್ಕೆ ಹಾಕಿ ದುಂಬಿಯನ್ನು ಎಳೆದು ತೆಗೆಯುವುದು ಹಳೆಯದಾದರೂ ಸರಿಯಾದ ದಾರಿ. ತೆಗೆದ ತೂತನ್ನು ಹಾಗೇ ಬಿಡಬಾರದು, ಯಾಕೆ ಅಂತ ಈಗ ಗೊತ್ತಲ್ಲ. ಕಾಲು ಕಿಲೋ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ಸುಳಿಯ ಪಕ್ಕದ ಎರಡು ಮೂರು ಗರಿಗಳ ಸಂದಿಗೆ ತುಂಬಿದರೆ ದುಂಬಿ ಇಳಿಯಲು ಹಿಂಜರಿಯುತ್ತದೆ. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿಯುವಾಗ ಒಂದು ಸಲ ಹಾಕಲೇಬೇಕು. ಸಸಿಗಳಿಗೆ ನುಸಿ ಗುಳಿಗೆ ಇಟ್ಟು ಮರಳು ಮುಚ್ಚುವವರೂ ಇದ್ದಾರೆ. ಹರಳು ಹಿಂಡಿ ಒಂದು ಕಿಲೋ ಐದು ಲೀಟರ್ ನೀರಲ್ಲಿ ನೆನೆಸಿ ಮಡಕೆಯಲ್ಲಿ ಇಟ್ಟರೆ ವಾಸನೆಗೆ ದುಂಬಿಗಳು ಬಂದು ಬೀಳುತ್ತವೆ.

ಕೆಂಪು ಮೂತಿಗೆ ಕೆಲಸ ಗಾಯ ಆಗದಂತೆ ನೋಡಿಕೊಳ್ಳುವುದು. ಕಾಂಡಕ್ಕೆ ಮೆಟ್ಟಿಲು ಕಡಿಯಬೇಡಿ. ಹಸಿ ಗರಿ ತೆಗೆಯಲೇಬೇಕಾದರೆ ಕಾಂಡಕ್ಕೆ ತಾಗಿಸಿ ಕಡಿಯದೆ ನಾಲ್ಕು ಅಡಿ ದಿಂಡು ಬಿಟ್ಟು ಕಡಿಯಿರಿ. ಕಡಿದ ಜಾಗದಲ್ಲಿ ಮೊಟ್ಟೆ ಇಟ್ಟರೂ ಮರಿ ಕಾಂಡ ತಲುಪುವ ಮೊದಲೇ ದಿಂಡು ಒಣಗುತ್ತದೆ. ಗಾಯವಾದರೆ ಅದೇ ದಿನ ಡಾಂಬರು ಬಳಿಯಿರಿ. ತೂತು, ಅಂಟು ಕಂಡ ಮರವಾದರೆ ಕಾಯದೆ ತೋಟಗಾರಿಕೆ ಇಲಾಖೆಯವರನ್ನು ಕರೆದು ಕಾಂಡದೊಳಗೆ ಔಷಧಿ ಹಾಕಿಸಬೇಕು. ಸುಳಿ ವಾಲುವ ಮೊದಲು ಹಿಡಿದರೆ ಮರ ಉಳಿಯುವ ಅವಕಾಶ ಇದೆ.

ಎರಡಕ್ಕೂ ಮೋಹಕ ಬಲೆ ಬಂದಿದೆ. ಎರಡೂ ಜಾತಿಯಲ್ಲಿ ಗಂಡು ಒಂದು ವಾಸನೆ ಬಿಡುತ್ತದೆ. ಅದಕ್ಕೆ ಗಂಡೂ ಬರುತ್ತದೆ, ಹೆಣ್ಣೂ ಬರುತ್ತದೆ. 1990ರ ದಶಕದಲ್ಲಿ ವಿಜ್ಞಾನಿಗಳು ಈ ವಾಸನೆಗಳನ್ನು ಗುರುತಿಸಿದರು. ಈಗ ಅವು ಪುಟ್ಟ ಪೊಟ್ಟಣದಲ್ಲಿ ಸಿಗುತ್ತವೆ. ಆದರೆ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೆಂಪು ಮೂತಿಯ ಬಕೆಟ್‌ಗೆ ಪೊಟ್ಟಣದ ಜೊತೆ ಹುಳಿಯಾಗುವ ಕಬ್ಬಿನ ತುಂಡೋ ಬಾಳೆಹಣ್ಣೋ ಸ್ವಲ್ಪ ನೀರಿನಲ್ಲಿ ಹಾಕಲೇಬೇಕು, ಅದು ಹುಡುಕುವುದೇ ಗಾಯದ ವಾಸನೆಯನ್ನು ಅಲ್ವಾ. ಅದು ಒಣಗಿದರೆ ಬಲೆ ಕೆಲಸ ಮಾಡುವುದಿಲ್ಲ, ಆಗಾಗ ಬದಲಿಸಬೇಕು. ಬಲೆಯನ್ನು ಎಳೆ ತೆಂಗಿನ ನಡುವೆ ಕಟ್ಟಬೇಡಿ. ಕರೆಸಿಕೊಂಡ ದುಂಬಿಗಳೆಲ್ಲ ಬಕೆಟ್‌ಗೇ ಬೀಳುತ್ತವೆ ಎಂಬ ಖಾತ್ರಿ ಇಲ್ಲ, ಕೆಲವು ಪಕ್ಕದ ಮರಕ್ಕೆ ಇಳಿಯುತ್ತವೆ. ತೋಟದ ಅಂಚು ಸರಿಯಾದ ಜಾಗ. ಅಕ್ಕಪಕ್ಕದವರು ಸೇರಿ ಒಂದೇ ಸಲ ಬಲೆ ಕಟ್ಟಿದರೆ ಫಲ ಜಾಸ್ತಿ.

ಇನ್ನು ಸತ್ತ ಮರ. ತಿಪಟೂರು, ಅರಸೀಕೆರೆ ಕಡೆಯ ರಸ್ತೆಗಳಲ್ಲಿ ಹೋಗುವಾಗ ತಲೆ ಇಲ್ಲದ ತೆಂಗಿನ ಕಂಬಗಳು ಕಣ್ಣಿಗೆ ಬೀಳುತ್ತವೆ. ಹಾಗೆ ನಿಂತದ್ದೆಲ್ಲ ದುಂಬಿಯಿಂದ ಸತ್ತದ್ದಲ್ಲ, ಬರ, ರೋಗ, ಸಿಡಿಲು ಏನಾದರೂ ಇರಬಹುದು. ಆದರೆ ಕೆಂಪು ಮೂತಿಯಿಂದ ಸತ್ತದ್ದಾದರೆ ಕಡಿಯುವುದಷ್ಟೇ ಸಾಲದು. ಉದ್ದಕ್ಕೆ ಸೀಳಬೇಕು, ಒಳಗಿನ ಗೂಡುಗಳು ಕಾಣುವಷ್ಟು. ಸೀಳಿದ್ದನ್ನು ಸುಡಬೇಕು. ದಿಮ್ಮಿಯಾಗಿ ಬದಿಗೆ ಉರುಳಿಸಿದರೆ ಮೊದಲ ತಿಂಗಳು ಅದರಿಂದ ಕೆಂಪು ದುಂಬಿ ಹೊರಬರುತ್ತದೆ, ಕೊಳೆಯಲು ಶುರುವಾದ ಮೇಲೆ ಕುರುವಾಯಿ ಒಳಗೆ ಹೋಗುತ್ತದೆ. ಬೊಡ್ಡೆಯನ್ನೂ ಬಿಡದೆ ಕಿತ್ತು ತೆಗೆಯಬೇಕು, ಆಗದಿದ್ದರೆ ನೆಲಕ್ಕೆ ಸಮ ಕಡಿದು ಮಣ್ಣು ಮುಚ್ಚಬೇಕು. ಮಳೆ ಬೀಳುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಒದ್ದೆಯಾದ ಮೇಲೆ ತೆಂಗಿನ ದಿಮ್ಮಿ ಬೆಂಕಿ ಹಿಡಿಯುವುದಿಲ್ಲ.